ಹೆಸರಿಲ್ಲದವಳ ಎರಡು ಸಾಲು

"ದೇವರು ನಿನ್ನನ್ನು ಹೊಳೆದಂಡೆಯ ಹೂವಾಗಿಸಲಿ,
ನೀರಿನ ನೆಪ ಹೇಳಿ ಬಂದು ನಿನ್ನ ಘಮ ಮೂಸಿ ಹೋಗುತ್ತೇನೆ."

ಪದ ಇಷ್ಟೇ. ಇದನ್ನು ಕಟ್ಟಿದವಳು ಯಾರು, ಯಾವ ಊರಿನವಳು, ಯಾವ ಕಾಲದವಳು, ಯಾರಿಗೂ ಗೊತ್ತಿಲ್ಲ. ಅಫ್ಘಾನಿಸ್ತಾನದ ದಕ್ಷಿಣ ಮತ್ತು ಪೂರ್ವ ಭಾಗದಲ್ಲಿ, ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾದಲ್ಲಿ, ಬಲೂಚಿಸ್ತಾನದ ಉತ್ತರದ ಕಡೆ ಇರುವ ಪಶ್ತೂನರ ಹೆಂಗಸರು ಇಂಥ ಪದಗಳನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮ ಕಡೆ ಪಠಾಣರು ಅಂತ ಕರೆಯುತ್ತೇವಲ್ಲ, ಅವರೇ. ಅಫ್ಘಾನಿಸ್ತಾನದಲ್ಲಿ ಈ ಪದಕ್ಕೆ ಲಂಡೈ ಅಂತ ಹೆಸರು. ಪೇಶಾವರದ ಕಡೆ ಟಪ್ಪಾ ಅನ್ನುತ್ತಾರೆ. ಎರಡೇ ಸಾಲು. ಮೊದಲ ಸಾಲಿಗೆ 9 ಅಕ್ಷರ, ಎರಡನೆಯದಕ್ಕೆ 13. ಒಟ್ಟು 22. ಪ್ರಾಸ ಇರಲೇಬೇಕು ಅಂತ ಏನಿಲ್ಲ. ಆದರೆ ಕೊನೆಯಲ್ಲಿ 'ನ' ಅಥವಾ 'ಮ' ಬಂದು ನಿಲ್ಲಬೇಕು.

ನನಗೆ ಪಶ್ತೋ ಬರುವುದಿಲ್ಲ. ಅನುವಾದಗಳ ಮೂಲಕವೇ ಈ ಪದಗಳನ್ನು ಓದಿದೆ, ಹಾಡಿದ್ದನ್ನು ಕೇಳಿದೆ. ಇಲ್ಲಿ ಕೊಟ್ಟಿರುವ ಸಾಲುಗಳೆಲ್ಲ ಅರ್ಥ ಹಿಡಿದು ನಾನು ಕನ್ನಡದಲ್ಲಿ ಬರೆದುಕೊಂಡವು. ಆ 22 ಅಕ್ಷರದ ಲೆಕ್ಕ ಕನ್ನಡಕ್ಕೆ ಬಂದಿಲ್ಲ.

ಮೊದಲ ಪದಕ್ಕೇ ಮತ್ತೆ ಬರುತ್ತೇನೆ. ಅದರಲ್ಲಿ ಒಂದು ಇಡೀ ಊರಿನ ಬದುಕು ಇದೆ. ಪಶ್ತೂನರ ಹಳ್ಳಿಯ ಮನೆಗೆ ಸುತ್ತಲೂ ಎತ್ತರದ ಮಣ್ಣಿನ ಗೋಡೆ. ಒಳಗಿನ ಅಂಗಳ ಹೆಂಗಸರದ್ದು. ಬರುವ ಹೋಗುವ ಗಂಡಸರು ಕೂರುವುದು ಹುಜ್ರಾದಲ್ಲಿ, ಅಂದರೆ ಗಂಡಸರಿಗೇ ಅಂತ ಇರುವ ಚಾವಡಿಯಲ್ಲಿ. ಗೋಡೆ ದಾಟಿ ಹೆಣ್ಣುಮಕ್ಕಳು ದಿನಾ ಹೊರಗೆ ಬರಲು ಇದ್ದ ದೊಡ್ಡ ನೆಪ ಅಂದರೆ ನೀರು ತರುವುದು. ನೀರು ತುಂಬಿಕೊಳ್ಳುವ ಜಾಗಕ್ಕೆ ಗೂದರ್ ಅನ್ನುತ್ತಾರೆ. ಊರಾಚೆಯ ಚಿಲುಮೆಯೋ ಹೊಳೆಯ ಕಡವೋ ಆಗಿರುತ್ತದೆ. ಸಂಜೆ ಹೊತ್ತು ಹುಡುಗಿಯರು ಮಂಗೈ ಅನ್ನುವ ಮಣ್ಣಿನ ಕೊಡ ಹೊತ್ತು ಗುಂಪಾಗಿ ಅಲ್ಲಿಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಗಂಡಸರು ಆ ಕಡೆ ಸುಳಿಯಬಾರದು. ಆದರೂ ದೂರದ ದಿಬ್ಬದ ಮೇಲೆ, ಮರದ ಮರೆಯಲ್ಲಿ ಯಾರೋ ಒಬ್ಬ ನಿಂತಿರುತ್ತಿದ್ದ. ಒಂದು ನೋಟ ಸಿಕ್ಕರೆ ಅದೇ ಜಾಸ್ತಿ.

ಈಗ ಆ ಪದ ಇನ್ನೊಮ್ಮೆ ಓದಿ. ಅವಳು ಅವನನ್ನು ಮನೆಗೆ ಬಾ ಅನ್ನುತ್ತಿಲ್ಲ. ಮದುವೆಯಾಗು ಅಂತಲೂ ಕೇಳುತ್ತಿಲ್ಲ. ಅವೆರಡೂ ಅವಳ ಕೈಯಲ್ಲಿಲ್ಲ. ಅವಳ ಕೈಯಲ್ಲಿ ಇರುವುದು ದಿನಕ್ಕೊಮ್ಮೆ ಹೊಳೆಗೆ ಹೋಗುವ ಅವಕಾಶ ಮಾತ್ರ. ಹಾಗಾಗಿ ಅವನೇ ಆ ದಾರಿಯಲ್ಲಿ ಬೇರು ಬಿಡಲಿ ಅಂತ ದೇವರನ್ನು ಕೇಳುತ್ತಾಳೆ. ಹೂವನ್ನು ಮೂಸಿದರೆ ಯಾರೂ ತಪ್ಪು ಹಿಡಿಯುವುದಿಲ್ಲವಲ್ಲ. ಎಷ್ಟು ಲೆಕ್ಕ ಹಾಕಿ ಕಟ್ಟಿದ ಆಸೆ ಇದು! ನೆಪವನ್ನು ನೆಪ ಅಂತಲೇ ಹೇಳಿಬಿಡುತ್ತಾಳೆ, ಅದನ್ನೂ ಮುಚ್ಚಿಡುವುದಿಲ್ಲ.

ಕೊಳವೆ ಬಾವಿ, ಪಂಪು, ನಲ್ಲಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಗೂದರ್ ಇಲ್ಲವಾಗಿದೆ. ತಲೆಯ ಮೇಲಿನ ಭಾರ ಇಳಿಯಿತು, ಅದು ಒಳ್ಳೆಯದೇ. ಜೊತೆಗೆ ಗೋಡೆಯಾಚೆಯ ಆ ಒಂದು ಗಂಟೆಯೂ ಹೋಯಿತು. ಪಶ್ತೋ ಹಾಡುಗಳಲ್ಲಿ ಮಾತ್ರ ಗೂದರ್ ಇವತ್ತಿಗೂ ಬತ್ತಿಲ್ಲ. ಆ ಕೊಡವೂ ಹಾಡಿನಲ್ಲೇ ಉಳಿದುಕೊಂಡಿದೆ. ರಬಾಬ್ ಅನ್ನುವ ತಂತಿ ವಾದ್ಯದ ಜೊತೆ ತಾಳಕ್ಕೆ ಬಾರಿಸುವುದು ಅದೇ ಮಂಗೈಯನ್ನು.

ಈ ಪದಗಳನ್ನು ಹೇಳುವುದಕ್ಕೆ ವೇದಿಕೆ ಬೇಡ. ಮದುವೆ ಮನೆಯಲ್ಲಿ ಹೆಂಗಸರ ಕಡೆ ಡಾಯಿರಾ ಅನ್ನುವ ದಮ್ಮಡಿ ಬಾರಿಸುತ್ತಾ ಒಬ್ಬಳು ಒಂದು ಪದ ಎತ್ತುತ್ತಾಳೆ, ಇನ್ನೊಬ್ಬಳು ಅದಕ್ಕೆ ಇನ್ನೊಂದು ಪದದಲ್ಲಿ ಉತ್ತರ ಕೊಡುತ್ತಾಳೆ. ಹೊಲದಲ್ಲಿ, ತೊಟ್ಟಿಲ ಬಳಿ, ಹೆಣದ ಮುಂದೆ, ಎಲ್ಲಿ ಬೇಕಾದರೂ ಬರುತ್ತದೆ. ಗಂಡಸರೂ ಹಾಡುತ್ತಾರೆ. ಕೆಲವನ್ನು ಗಂಡಸರೇ ಕಟ್ಟಿರಲೂಬಹುದು. ಆದರೆ ಬಹುಪಾಲು ಪದಗಳಲ್ಲಿ ಮಾತಾಡುತ್ತಿರುವುದು ಹೆಣ್ಣು. ಗಂಡಸೊಬ್ಬ ಹಾಡಿದಾಗಲೂ ಅವನ ಬಾಯಲ್ಲಿ ಬರುವುದು ಅವಳ ಮಾತು.

ಅವಳು ಏನು ಮಾತಾಡುತ್ತಾಳೆ ಅಂತ ಕೇಳುವ ಮೊದಲು ಅವಳು ನಿಂತಿರುವ ಜಾಗ ಎಂಥದ್ದು ಅಂತ ನೋಡಬೇಕು. ಪಶ್ತೂನರ ಬದುಕಿಗೆ ಬರೆಯದ ಕಟ್ಟಳೆಯೊಂದಿದೆ, ಪಶ್ತೂನ್‌ವಾಲಿ. ಅತಿಥಿಯನ್ನು ಪ್ರಾಣ ಕೊಟ್ಟಾದರೂ ಕಾಯುವುದು, ಮರೆ ಹೊಕ್ಕವನನ್ನು ಬಿಟ್ಟುಕೊಡದಿರುವುದು ಇದರ ಚೆಂದದ ಮುಖ. ಇದೇ ಕಟ್ಟಳೆಯಲ್ಲಿ ನಂಗ್ ಮತ್ತು ನಾಮೂಸ್ ಕೂಡ ಇವೆ. ಗಂಡಸಿನ ಮಾನ, ಆ ಮಾನದ ಭಾಗವಾಗಿ ಮನೆಯ ಹೆಣ್ಣು. ಅವಳ ನಡೆ, ಅವಳ ದನಿ, ಕೊನೆಗೆ ಅವಳ ಹೆಸರು ಕೂಡ ಮನೆಯ ಗಂಡಸರ ಮಾನಕ್ಕೆ ಸೇರಿದ್ದು. ಹೊರಗಿನವರ ಮುಂದೆ ಹೆಂಡತಿಯ ಹೆಸರು ಎತ್ತದವರು ಇವತ್ತಿಗೂ ಇದ್ದಾರೆ. ಅಫ್ಘಾನಿಸ್ತಾನದ ಗುರುತಿನ ಚೀಟಿಯಲ್ಲಿ ತಾಯಿಯ ಹೆಸರು ಹಾಕಿಸಬೇಕು ಅಂತ 'ನನ್ನ ಹೆಸರೆಲ್ಲಿ' ಎಂಬ ಚಳವಳಿಯನ್ನೇ ಹೆಂಗಸರು ನಡೆಸಬೇಕಾಯಿತು. ಅದಕ್ಕೆ ಸರ್ಕಾರ ಒಪ್ಪಿದ್ದು 2020ರಲ್ಲಿ.

ಮದುವೆಯ ವಿಷಯ ಇನ್ನೂ ಬಿಗಿ. ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಕೊಡುವ ಹಣಕ್ಕೆ ವಲ್ವರ್ ಅನ್ನುತ್ತಾರೆ. ನಮ್ಮಲ್ಲಿ ಹಿಂದೆ ಇದ್ದ ತೆರ ಇದ್ದ ಹಾಗೆ. ಎರಡು ಮನೆತನಗಳ ನಡುವೆ ಕೊಲೆಯ ಹಗೆ ಬಿದ್ದರೆ ರಾಜಿಗಾಗಿ ಒಂದು ಹೆಣ್ಣುಮಗಳನ್ನು ಆ ಕಡೆಗೆ ಕೊಡುವುದಿದೆ. ಪಾಕಿಸ್ತಾನದ ಕಡೆ ಅದು ಸ್ವರಾ, ಅಫ್ಘಾನಿಸ್ತಾನದ ಕಡೆ ಬಾದ್. ಕೊಂದವನು ಅಣ್ಣನೋ ಚಿಕ್ಕಪ್ಪನೋ, ತೀರಿಸುವವಳು ಮಾತ್ರ ಅವಳು. ಹೋದ ಮನೆಯಲ್ಲಿ ಜೀವನಪೂರ್ತಿ ಅವಳು ಹಗೆಯವರ ಮಗಳೇ. ಇನ್ನೊಂದಿದೆ, ಘಗ್. ಒಬ್ಬ ಗಂಡಸು ಊರಿಗೆ ಕೇಳುವ ಹಾಗೆ 'ಇವಳು ನನ್ನವಳು' ಅಂತ ಸಾರಿಬಿಡುತ್ತಾನೆ. ಅವಳನ್ನು ಕೇಳುವುದೂ ಇಲ್ಲ, ಅವಳ ಮನೆಯವರನ್ನು ಕೇಳುವುದೂ ಇಲ್ಲ. ಆಮೇಲೆ ಹಗೆಗೆ ಹೆದರಿ ಬೇರೆ ಯಾರೂ ಅವಳನ್ನು ಕೇಳಿಕೊಂಡು ಬರುವುದಿಲ್ಲ. ಅವಳ ವಯಸ್ಸು ಹಾಗೇ ಕಳೆದುಹೋಗುತ್ತದೆ. ಇದನ್ನು ಅಪರಾಧ ಅಂತ ಖೈಬರ್ ಪಖ್ತೂನ್‌ಖ್ವಾ ಸರ್ಕಾರ ಕಾನೂನು ಮಾಡಿದ್ದು 2013ರಲ್ಲಿ. ಸ್ವರಾ, ಬಾದ್ ಕೂಡ ಕಾನೂನಿನಲ್ಲಿ ಅಪರಾಧ ಆದವು. ಕಾನೂನು ಬಂತು ಅಂತ ಪಂಚಾಯಿತಿ ಕೂರುವುದು ನಿಲ್ಲಲಿಲ್ಲ.

ಇಂಥ ಜಾಗದಲ್ಲಿ ನಿಂತು ಒಬ್ಬಳು ಹೇಳಿದ್ದು ಇದು:

"ಅಪ್ಪಾ, ನನ್ನ ಮುದುಕನಿಗೆ ಮಾರಿಬಿಟ್ಟೆ,
ದೇವರು ನಿನ್ನ ಮನೆ ಹಾಳುಮಾಡಲಿ, ನಾನು ನಿನ್ನ ಮಗಳಾಗಿದ್ದೆ."

ಶಾಪದ ಪಕ್ಕದಲ್ಲೇ ಆ ಕೊನೆಯ ಮಾತು ಬಂದು ಕೂತಿದೆ ನೋಡಿ. ಸಿಟ್ಟಿನಿಂದ ಶುರುವಾದ ಸಾಲು ಸಿಟ್ಟಿನಲ್ಲಿ ಮುಗಿಯುವುದಿಲ್ಲ. ಈ ಪದಗಳಲ್ಲಿ ಗಂಡ ಅಂದರೆ ಬಹಳ ಸಲ ಮುದುಕ, ಇಲ್ಲವೇ ಇನ್ನೂ ಮೀಸೆ ಮೂಡದ ಹುಡುಗ. ಅವನಿಗೊಂದು ಅಡ್ಡಹೆಸರು ಕೂಡ ಇದೆ, ಚಿಕ್ಕ ಪೀಡೆ ಅನ್ನೋ ಅರ್ಥದ್ದು. ಪ್ರಿಯಕರ ಬೇರೆ. ಅವನ ಜೊತೆಗಿನ ಮುತ್ತು, ಅಪ್ಪುಗೆ, ಕದ್ದ ರಾತ್ರಿ, ಕೋಳಿ ಕೂಗಿದ್ದಕ್ಕೆ ಬೈಗುಳ, ಎಲ್ಲವೂ ನೇರವಾಗಿ ಬರುತ್ತವೆ. ಹೆಣ್ಣು ಸದ್ದಿಲ್ಲದೆ ಇರಬೇಕು ಅನ್ನುವ ಜಾಗದಲ್ಲಿ ಹುಟ್ಟಿದ ಪದಗಳು ಇವೇನಾ ಅನ್ನಿಸುತ್ತದೆ. ಕೆಲವನ್ನು ಇಲ್ಲಿ ಬರೆಯಲು ನನಗೇ ಸಂಕೋಚ. ಅವರಿಗೆ ಹೇಳಲು ಸಂಕೋಚ ಇರಲಿಲ್ಲ.

ಇದು ಹೇಗೆ ಸಾಧ್ಯ ಆಯಿತು? ಪದಕ್ಕೆ ಒಡತಿ ಇಲ್ಲದ್ದರಿಂದ. ನಾನು ಇದನ್ನು ಹೇಳಿದರೆ ಅದು ನನ್ನ ಕಥೆ ಅಲ್ಲ, ಅಜ್ಜಿ ಹೇಳಿದ್ದು, ಎಲ್ಲರೂ ಹೇಳುವುದು. ಯಾರಾದರೂ 'ಯಾರವನು?' ಅಂತ ಕೇಳಿದರೆ 'ಸುಮ್ನೆ ಪದ' ಅಂದುಬಿಡಬಹುದು. ನಮ್ಮ ಬೀಸುವ ಪದಗಳಿಗೂ ಕಟ್ಟಿದವಳ ಹೆಸರಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದಾಗಲೂ ಅದು ಎಷ್ಟೋ ತಾಯಂದಿರ ಒಟ್ಟು ದನಿಯಾಗಿಯೇ ಬಂತು. ಅತ್ತೆ ಮನೆಯ ನೋವು, ತವರಿನ ಹಂಬಲ ಬೀಸುವ ಕಲ್ಲಿನ ಸದ್ದಿನಲ್ಲಿ ಬಚಾವಾಗಿ ಹೊರಗೆ ಬಂದವು. ಆದರೆ ನಮ್ಮ ತ್ರಿಪದಿಯ ಹೆಣ್ಣಿಗೆ ಹೆಸರು ಹೊರಬಿದ್ದರೆ ಬೈಗುಳವೋ ಕೊಂಕುಮಾತೋ ಕಾದಿತ್ತು ಅಂತ ಇಟ್ಟುಕೊಳ್ಳಿ. ಲಂಡೈ ಹೇಳುವವಳಿಗೆ ಹೆಸರು ಹೊರಬಿದ್ದರೆ ಜೀವಕ್ಕೇ ಸಂಚಕಾರ. ಹೀಗಾಗಿ ಅವಳಿಗೆ ಹೆಸರಿಲ್ಲದಿರುವುದು ಬರೀ ವಾಡಿಕೆ ಆಗಿರಲಿಲ್ಲ.

ಹಾಗಂತ ಆ ಸಮಾಜ ಹೆಣ್ಣಿನ ಪದವನ್ನು ಕೇಳುವುದೇ ಇಲ್ಲ ಅಂದುಕೊಳ್ಳಬೇಡಿ. ಕೇಳುತ್ತದೆ, ತಲೆಯ ಮೇಲೂ ಹೊರುತ್ತದೆ. ಯಾವ ಪದವನ್ನು ಅನ್ನುವುದು ಮುಖ್ಯ.

1880ರ ಜುಲೈ 27. ಕಂದಹಾರ್ ಹತ್ತಿರದ ಮೈವಂದ್ ಬಯಲು. ಅಫ್ಘಾನ್ ರಾಜಕುಮಾರ ಆಯುಬ್ ಖಾನನ ಸೇನೆಗೂ ಬ್ರಿಟಿಷರಿಗೂ ಯುದ್ಧ. ಅಫ್ಘಾನರು ಹಿಂಜರಿಯುತ್ತಿದ್ದಾಗ ಮಲಾಲೈ ಅನ್ನುವ ಹುಡುಗಿ ತನ್ನ ಮುಸುಕನ್ನೇ ಬಾವುಟ ಮಾಡಿ ಎತ್ತಿ ಹಿಡಿದು ಒಂದು ಲಂಡೈ ಕೂಗಿದಳು ಅಂತ ಕಥೆ ಇದೆ:

"ನಲ್ಲ, ಮೈವಂದಿನಲ್ಲಿ ನೀನು ಬೀಳದೆ ಉಳಿದರೆ,
ದೇವರಾಣೆ, ಮಾನಗೇಡಿಯಾಗಿ ಬಾಳಲೆಂದೇ ನಿನ್ನ ಉಳಿಸಿದ್ದಾರೆ."

ಅವಳು ಅಲ್ಲೇ ಗುಂಡೇಟಿಗೆ ಸತ್ತಳು. ಬ್ರಿಟಿಷರು ಸೋತರು. ಸೋಲು ನಿಜ, ಇತಿಹಾಸದಲ್ಲಿ ದಾಖಲಾಗಿದೆ. ಮಲಾಲೈ ಹೆಸರು ಬ್ರಿಟಿಷರ ದಾಖಲೆಗಳಲ್ಲಿ ಇಲ್ಲ. ಅದು ಜನರ ಬಾಯಲ್ಲಿ ಉಳಿದು ಬಂದದ್ದು. ಕಾಬೂಲಿನ ಹೆಣ್ಣುಮಕ್ಕಳ ಶಾಲೆಗೆ, ಹೆರಿಗೆ ಆಸ್ಪತ್ರೆಗೆ ಅವಳ ಹೆಸರಿದೆ. ಸ್ವಾತ್ ಕಣಿವೆಯ ಒಬ್ಬ ಮೇಷ್ಟ್ರು ತಮ್ಮ ಮಗಳಿಗೂ ಇದೇ ಹೆಸರಿಟ್ಟರು. ಆ ಮಗಳೇ ಮಲಾಲಾ ಯೂಸುಫ್‌ಝೈ.

ಈ ಪದವನ್ನು ಯೋಚಿಸುವಾಗ ನನಗೆ ಹೆಮ್ಮೆಯ ಜೊತೆ ಕಸಿವಿಸಿಯೂ ಆಗುತ್ತದೆ. ಅವಳನ್ನು ಕಟ್ಟಿಹಾಕಿದ್ದ ಮಾನದ ಮಾತನ್ನೇ ಅವಳು ಕೈಗೆತ್ತಿಕೊಂಡು ಗಂಡಸಿಗೆ ತಿರುಗಿಸಿದಳು. ಅದು ಅವಳ ಶಕ್ತಿ. ಆದರೆ ಆ ಶಕ್ತಿ ಓಡಿದ್ದು ಸಾವಿನ ಕಡೆಗೆ. ಇದೇ ಜಾತಿಯ ಪದಗಳು ಬೇಕಾದಷ್ಟಿವೆ. ಬೆನ್ನಿಗೆ ಗಾಯ ಮಾಡಿಕೊಂಡು ಬರಬೇಡ ಅನ್ನುವವು, ಓಡಿ ಬಂದವನಿಗೆ ನನ್ನ ಹಾಸಿಗೆಯಲ್ಲಿ ಜಾಗವಿಲ್ಲ ಅನ್ನುವವು. ಇವನ್ನು ಊರ ಗಂಡಸರು ಹುಜ್ರಾದಲ್ಲಿ ಕೂತು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಹೆಣ್ಣು 'ನನಗೆ ಇವನು ಬೇಕು' ಅಂದರೆ ಮುಗಿಯಿತು. ಗಂಡಸನ್ನು ಸಾಯಲು ಕಳಿಸುವ ಪದಕ್ಕೆ ಸನ್ಮಾನ, ಗಂಡಸನ್ನು ಬಯಸುವ ಪದಕ್ಕೆ ಚೂರಿ. ಪಶ್ತೂನ್ ಹೆಣ್ಣಿನ ಕಾವ್ಯದ ಬಗ್ಗೆ ಓದಿದಷ್ಟೂ ನನಗೆ ಈ ಗೆರೆ ಗಟ್ಟಿಯಾಗಿ ಕಾಣುತ್ತಾ ಹೋಗುತ್ತದೆ.

ಎರಡನ್ನೂ ಒಟ್ಟಿಗೆ ಹಿಡಿದ ಪದಗಳೂ ಇವೆ. ಒಂದನ್ನಂತೂ ಮರೆಯಲು ಆಗುವುದಿಲ್ಲ:

"ನನ್ನ ನಲ್ಲ ನಾಡಿಗಾಗಿ ತಲೆ ಕೊಟ್ಟ,
ನನ್ನ ಕೂದಲ ಎಳೆಯಿಂದಲೇ ಅವನ ಕಫನ್ ಹೊಲಿಯುತ್ತೇನೆ."

ಕಫನ್ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ನಾಡಿಗಾಗಿ ಸತ್ತವನು ಅಂದಮೇಲೆ ಅವನಿಗೆ ಅಳುವುದಕ್ಕೆ ಅನುಮತಿ ಸಿಕ್ಕಂತೆ. ಆ ಅನುಮತಿಯ ಮರೆಯಲ್ಲಿ ಅವಳು ತನ್ನ ಮುಸುಕಿನೊಳಗಿನ ಕೂದಲನ್ನು ಅವನಿಗೆ ಕೊಡುತ್ತಾಳೆ. ಪರಪುರುಷ ನೋಡಬಾರದ ಕೂದಲು ಅದು.

ಹೆಸರಿರುವ ಹಳೆಯ ಕವಯಿತ್ರಿಯರೇ ಇಲ್ಲವಾ? ಇದ್ದಾರೆ. 17ನೇ ಶತಮಾನದ ಕೊನೆ ಭಾಗದಲ್ಲಿ ಬಾಳಿದ ನಾಝೋ ತೋಖಿ ಅವರಲ್ಲಿ ದೊಡ್ಡ ಹೆಸರು. ಜನ ಅವರನ್ನು ನಾಝೋ ಅನಾ, ಅಂದರೆ ನಾಝೋ ಅಜ್ಜಿ ಅಂತಲೇ ಕರೆಯುತ್ತಾರೆ. ನಸುಕಿನಲ್ಲಿ ನರ್ಗಿಸ್ ಹೂವಿನಿಂದ ಇಬ್ಬನಿ ತೊಟ್ಟಿಕ್ಕುವುದನ್ನು ಕಂಡು ಯಾಕೆ ಅಳುತ್ತೀ ಅಂತ ಕೇಳಿದ ಪದ್ಯವೊಂದು ಅವರದ್ದು ಅಂತ ಪ್ರಸಿದ್ಧ. ನನ್ನ ಬಾಳು ಒಂದೇ ನಗೆಯಷ್ಟು ಅಂತ ಹೂವು ಉತ್ತರ ಕೊಡುತ್ತದೆ. ಇವರ ಬಗ್ಗೆ ತಿಳಿಯುವುದು ಮುಖ್ಯವಾಗಿ 'ಪಟಾ ಖಝಾನಾ' ಎಂಬ ಕವಿಚರಿತ್ರೆಯಿಂದ. ಕಂದಹಾರಿನ ಹೋತಕ್ ದೊರೆಗಳ ಆಸ್ಥಾನದಲ್ಲಿ 1729ರ ಹೊತ್ತಿಗೆ ಬರೆದದ್ದು ಅನ್ನುತ್ತಾರೆ. ಅದರಲ್ಲಿ ಕವಯಿತ್ರಿಯರಿಗೇ ಒಂದು ಭಾಗ ಇದೆ. ವಿದ್ವಾಂಸ ಅಬ್ದುಲ್ ಹೈ ಹಬೀಬಿ 1940ರ ದಶಕದಲ್ಲಿ ಇದನ್ನು ಬೆಳಕಿಗೆ ತಂದರು. ಹಸ್ತಪ್ರತಿ ನಿಜಕ್ಕೂ ಅಷ್ಟು ಹಳೆಯದಾ ಅನ್ನುವ ಜಗಳ ಪಂಡಿತರಲ್ಲಿ ಇವತ್ತಿಗೂ ಇದೆ. ಆ ಜಗಳ ಪಕ್ಕಕ್ಕಿರಲಿ. ನನಗೆ ಕಾಣುವುದು ಬೇರೆ. ನಾಝೋ ನೆನಪಾಗಿ ಉಳಿದದ್ದು ಇರಾನಿನ ಸಫವಿ ದೊರೆಗಳ ಆಳ್ವಿಕೆಯನ್ನು ಕಂದಹಾರಿನಿಂದ ಕಿತ್ತೆಸೆದ ಮೀರ್‌ವೈಸ್ ಹೋತಕನ ತಾಯಿ ಅಂತ. ಹೆಸರು ಹೇಳಬಹುದಾದ ಹೆಣ್ಣು ಅಂದರೆ ವೀರನ ತಾಯಿ, ಇಲ್ಲವೇ ರಣರಂಗದಲ್ಲಿ ಸತ್ತ ಹುಡುಗಿ.

ಲಂಡೈಗಳನ್ನು ಹೊರಗಿನ ಲೋಕಕ್ಕೆ ತಲುಪಿಸಿದವರಲ್ಲಿ ಸಯ್ಯದ್ ಬಹಾವುದ್ದೀನ್ ಮಜ್ರೂಹ್ ಮುಖ್ಯರು. ಕುನಾರ್ ಕಡೆಯವರು, ಕಾಬೂಲ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ತಾವೂ ಕವಿ. ಸೋವಿಯತ್ ಸೇನೆ ಬಂದ ಮೇಲೆ ದೇಶ ಬಿಟ್ಟು ಪೇಶಾವರಕ್ಕೆ ಬಂದರು. ಅಲ್ಲಿ ಅಫ್ಘಾನ್ ಮಾಹಿತಿ ಕೇಂದ್ರ ಅಂತ ಕಟ್ಟಿ, ಯುದ್ಧದ ಸುದ್ದಿ ಹೊರಗಿನವರಿಗೆ ಸಿಗುವಂತೆ ತಿಂಗಳ ಪತ್ರಿಕೆ ತಂದರು. ಅದರ ಜೊತೆಗೇ ಹೆಂಗಸರ ಪದಗಳನ್ನು ಕೂಡಿಸಿದರು. ಅವು ಫ್ರೆಂಚಿಗೆ ಹೋದವು, ಅಲ್ಲಿಂದ ಬೇರೆ ಭಾಷೆಗಳಿಗೆ. ಪಶ್ತೂನ್ ಹೆಣ್ಣಿಗೆ ಪ್ರತಿಭಟಿಸಲು ಎರಡೇ ದಾರಿ ಉಳಿದಿವೆ, ಒಂದು ಆತ್ಮಹತ್ಯೆ, ಇನ್ನೊಂದು ಹಾಡು ಅನ್ನುವುದು ಮಜ್ರೂಹ್ ಕಂಡುಕೊಂಡ ಮಾತು. 1988ರ ಫೆಬ್ರವರಿ 11ರಂದು ಪೇಶಾವರದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ನಿರಾಶ್ರಿತರಲ್ಲಿ ಹೆಚ್ಚಿನವರು ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್ ಪಕ್ಷಗಳಿಗಿಂತ ಹಳೆಯ ದೊರೆ ಝಾಹಿರ್ ಶಾನನ್ನೇ ಬಯಸುತ್ತಾರೆ ಅಂತ ಅವರ ಕೇಂದ್ರ ಸಮೀಕ್ಷೆ ಮಾಡಿ ಪ್ರಕಟಿಸಿತ್ತು, ಅದೇ ಕಾರಣ ಅನ್ನುತ್ತಾರೆ. ಮರುದಿನ ಅವರಿಗೆ 60 ತುಂಬುತ್ತಿತ್ತು.

ಎರಡೇ ದಾರಿ ಅನ್ನುವ ಮಾತು ಓದಿದಾಗ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸಬಹುದು. ಹೆಲ್ಮಂಡ್ ಪ್ರಾಂತ್ಯದ ಗೆರೆಶ್ಕ್ ಕಡೆಯ ಒಬ್ಬ ಹುಡುಗಿಯ ಕಥೆ ಗೊತ್ತಾದ ಮೇಲೆ ಹಾಗೆ ಅನ್ನಿಸುವುದಿಲ್ಲ. ರಾಹಿಲಾ ಮುಸ್ಕಾ ಅನ್ನುವುದು ಅವಳ ಕಾವ್ಯನಾಮ. ಐದನೇ ತರಗತಿಯ ಮೇಲೆ ಅಪ್ಪ ಶಾಲೆ ಬಿಡಿಸಿದ. ಹುಡುಗಿಯರು ಶಾಲೆಗೆ ಹೋಗುವುದು ಅಪಾಯ ಅನ್ನುವ ಕಾಲ, ಅನ್ನುವ ಜಾಗ. ಆಮೇಲೆ ಅವಳಿಗೆ ರೇಡಿಯೋದ ಕವಿತೆಯೇ ಪಾಠಶಾಲೆ. ಕಾಬೂಲಿನಲ್ಲಿ ಮೀರ್ಮನ್ ಬಹೀರ್ ಅಂತ ಹೆಂಗಸರ ಸಾಹಿತ್ಯ ಸಂಘ ಇತ್ತು. ಖೋಸ್ತ್ ಕಡೆಯ ಸಂಸದೆ ಸಾಹಿರಾ ಶರೀಫ್ ಕಟ್ಟಿದ್ದು. ರಾಜಧಾನಿಯಲ್ಲಿದ್ದವರು ಶನಿವಾರ ಮಧ್ಯಾಹ್ನ ಬಂದು ಎದುರು ಬದುರು ಕೂತು ಕವಿತೆ ಓದುತ್ತಿದ್ದರು. ಹಳ್ಳಿಯಲ್ಲಿದ್ದವರು ಮನೆಯವರ ಕಣ್ಣು ತಪ್ಪಿಸಿ ಫೋನು ಮಾಡುತ್ತಿದ್ದರು. ಈ ಕಡೆಯವರು ಕವಿತೆಯನ್ನು ಬರೆದುಕೊಂಡು ಸಭೆಯಲ್ಲಿ ಓದುತ್ತಿದ್ದರು. ರಾಹಿಲಾ ಕೂಡ ಹಾಗೆಯೇ ಫೋನಿನಲ್ಲಿ ಕವಿತೆ ಹೇಳುತ್ತಿದ್ದವಳು. ಒಂದು ದಿನ ಅಣ್ಣಂದಿರಿಗೆ ಗೊತ್ತಾಯಿತು. ಅವರ ಕಣ್ಣಿಗೆ ಕವಿತೆ ಅಂದರೆ ಯಾರನ್ನೋ ಪ್ರೀತಿಸುತ್ತಿದ್ದಾಳೆ ಅಂತಲೇ ಅರ್ಥ. ಹೊಡೆದರು. ಅವಳು ಮೈಗೆ ಬೆಂಕಿ ಹಚ್ಚಿಕೊಂಡಳು. 2010ರಲ್ಲಿ ತೀರಿಕೊಂಡಳು. ಬೆಂಕಿ ಆಕಸ್ಮಿಕ ಅಂತ ಮನೆಯವರು ಹೇಳಿದರು. ಅವಳು ಹೇಳಿಕೊಳ್ಳುತ್ತಿದ್ದ ಲಂಡೈ ಒಂದಿದೆ:

"ಕರೆಯುತ್ತೇನೆ, ನೀನು ಕಲ್ಲು,
ಒಂದು ದಿನ ತಿರುಗಿ ನೋಡುತ್ತೀಯ, ಆಗ ನಾನು ಇರುವುದಿಲ್ಲ."

ಇದು ಅವಳು ಕಟ್ಟಿದ್ದಲ್ಲ, ಹಳೆಯ ಪದ. ಎಷ್ಟು ಜನ ಹೇಳಿದ್ದರೋ. ಅವಳ ಬಾಯಲ್ಲಿ ಬಂದಾಗ ಅದಕ್ಕೊಂದು ಮುಖ ಬಂತು. ಹೆಸರಿಲ್ಲದ ಪದ ಅವಳನ್ನು ಎಷ್ಟು ದಿನ ಕಾಯಬೇಕೋ ಅಷ್ಟು ದಿನ ಕಾಯಿತು. ಫೋನಿನ ಆ ತುದಿಯಲ್ಲಿ ಇರುವವಳು ಇವಳೇ ಅಂತ ಗೊತ್ತಾದ ಮೇಲೆ ಕಾಯಲು ಆಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಅರ್ಧವೇ ಆಗುತ್ತದೆ. ಪಶ್ತೂನ್ ಹೆಂಗಸರು ಬರೀ ಮೂಲೆಯಲ್ಲಿ ಕೂತು ಅಳುವವರಲ್ಲ. ಅವರಿಗೆ ಅವರದೇ ಲೋಕ ಇದೆ, ಅದರಲ್ಲಿ ಮಾತಿಗೆ ಬೆಲೆ ಇದೆ. ಘಮ್-ಖಾದಿ ಅನ್ನುತ್ತಾರೆ, ಅಂದರೆ ದುಃಖ ಮತ್ತು ಸಂತೋಷ. ಸಾವಾದ ಮನೆಗೆ, ಕಾಯಿಲೆಯವರ ಮನೆಗೆ, ಮದುವೆ ಮನೆಗೆ ಹೋಗಿ ಬರುವುದು ಹೆಂಗಸರ ಜವಾಬ್ದಾರಿ. ಮನೆತನಗಳ ನಡುವಿನ ನಂಟು ಉಳಿಯುವುದೇ ಇದರಿಂದ. ಬೆನೆಡಿಕ್ಟ್ ಗ್ರೀಮಾ ಎಂಬ ಸಂಶೋಧಕಿ 1980ರ ದಶಕದಲ್ಲಿ ಪಾಕಿಸ್ತಾನದ ಪಶ್ತೂನ್ ಹೆಂಗಸರ ಜೊತೆ ಇದ್ದು ಅವರ ಬದುಕಿನ ಕಥೆಗಳನ್ನು ಕೇಳಿಕೊಂಡರು. ಅವರಿಗೆ ಕಂಡದ್ದು ಏನೆಂದರೆ, ಅಲ್ಲಿ ಹೆಣ್ಣೊಬ್ಬಳು ತನ್ನ ಕಥೆ ಹೇಳುವುದು ಅಂದರೆ ತಾನು ಅನುಭವಿಸಿದ ಕಷ್ಟ ಹೇಳುವುದು. ಎಷ್ಟು ಕಷ್ಟ ಸಹಿಸಿದಳೋ ಅಷ್ಟು ಮರ್ಯಾದೆ. ಇನ್ನೂ ಮದುವೆಯಾಗದ ಹುಡುಗಿಯನ್ನು ಕೇಳಿದರೆ ನನಗೆ ಕಥೆಯೇ ಇಲ್ಲ ಅಂದುಬಿಡುತ್ತಾಳೆ.

ಇದನ್ನು ಲಂಡೈ ಪಕ್ಕ ಇಟ್ಟು ನೋಡಿದಾಗ ನನಗೆ ಎಷ್ಟೋ ತಿಳಿಯಿತು. ನಾಲ್ಕು ಜನರ ಮುಂದೆ ಕೂತು ಸ್ವಂತ ಹೆಸರಿನಲ್ಲಿ ಹೇಳುವಾಗ ಅವಳು ಹೇಳುವುದು 'ನಾನು ಸಹಿಸಿದೆ' ಅಂತ. ಪದದಲ್ಲಿ ಹೇಳುವಾಗ ಅದೇ ಹೆಣ್ಣು 'ನನಗೆ ಬೇಕು' ಅನ್ನುತ್ತಾಳೆ. ಎರಡೂ ನಿಜ. ಊರು ಮೊದಲನೆಯದನ್ನು ಮಾತ್ರ ಅವಳ ಕಥೆ ಅಂತ ಒಪ್ಪಿಕೊಂಡಿದೆ.

ಸ್ವಂತ ಹೆಸರು ಹಾಕಿ ಬರೆದವರ ಧೈರ್ಯವನ್ನು ಈ ಹಿನ್ನೆಲೆಯಲ್ಲೇ ಅಳೆಯಬೇಕು. ಪೇಶಾವರದ ಝೈತೂನ್ ಬಾನೋ 1938ರಲ್ಲಿ ಹುಟ್ಟಿದವರು. 1958ರಲ್ಲಿ, ಅಂದರೆ ಇಪ್ಪತ್ತು ವರ್ಷಕ್ಕೆ, ಅವರ ಪಶ್ತೋ ಕಥೆಗಳ ಪುಸ್ತಕ ಬಂತು. ರೇಡಿಯೋದಲ್ಲಿ ಕೆಲಸ ಮಾಡಿದರು, ಕಥೆ, ನಾಟಕ, ಕವಿತೆ ಎಲ್ಲ ಬರೆದರು. ಪಶ್ತೂನ್ ಮನೆಯೊಳಗಿನ ಹೆಣ್ಣಿನ ಬದುಕನ್ನೇ ಮತ್ತೆ ಮತ್ತೆ ಎತ್ತಿಕೊಂಡರು. ಅವರ ಕವಿತೆಗಳ ಪುಸ್ತಕದ ಹೆಸರು 'ಮಂಜೀಲಾ'. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆ ಅದು. 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸಲ್ಮಾ ಶಾಹೀನ್ ಪೇಶಾವರ ವಿಶ್ವವಿದ್ಯಾಲಯದ ಪಶ್ತೋ ಅಕಾಡೆಮಿಗೆ ಮೊದಲ ಮಹಿಳಾ ನಿರ್ದೇಶಕಿಯಾದವರು, ತಾವೇ ಕವಿ. ಟಪ್ಪಾಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಹೆಂಗಸರ ಪದಗಳನ್ನು ಹೆಂಗಸೊಬ್ಬರು ಕೂಡಿಸುವುದಕ್ಕೂ ಗಂಡಸರು ಕೂಡಿಸುವುದಕ್ಕೂ ವ್ಯತ್ಯಾಸ ಇದ್ದೇ ಇದೆ ಅಲ್ವಾ? ಗಂಡಸಿಗೆ ಆ ಅಂಗಳದ ಬಾಗಿಲೇ ತೆರೆಯುವುದಿಲ್ಲ.

ಹಾಡುವವರ ಪಾಡು ಇನ್ನೂ ಕಷ್ಟ. ಬರೆಯುವವಳ ಹೆಸರು ಮಾತ್ರ ಹೊರಗೆ ಬರುತ್ತದೆ, ಹಾಡುವವಳ ದನಿ, ಮುಖ ಎಲ್ಲವೂ ಬರುತ್ತದೆ. ಸ್ವಾತ್ ಕಣಿವೆಯ ಮಿಂಗೋರಾದಲ್ಲಿ ಶಬಾನಾ ಎಂಬ ಕಲಾವಿದೆಯನ್ನು 2009ರ ಜನವರಿಯಲ್ಲಿ ತಾಲಿಬಾನಿಗಳು ಕೊಂದು ಊರ ನಡುವಿನ ಚೌಕದಲ್ಲಿ ಹಾಕಿದರು. ಸ್ವಾತ್‌ನಿಂದ ಪೇಶಾವರಕ್ಕೆ ಬಂದು ಹೆಸರು ಮಾಡಿದ್ದ ಗಾಯಕಿ ಘಝಾಲಾ ಜಾವೇದ್ ಅವರನ್ನು 2012ರ ಜೂನ್‌ನಲ್ಲಿ ಬೀದಿಯಲ್ಲೇ ಗುಂಡಿಟ್ಟು ಕೊಂದರು. ಜೊತೆಗಿದ್ದ ತಂದೆಯೂ ಸತ್ತರು. ಒಂದು ಕಡೆ ಬಂದೂಕಿನವರು, ಇನ್ನೊಂದು ಕಡೆ ಮನೆತನದ ಮಾನ. ಅವಳಿಗೆ ಬೀಳುವ ಗುಂಡು ಯಾವ ಕಡೆಯಿಂದ ಬಂದರೂ ಕಾರಣ ಒಂದೇ.

ಹೆಸರಿಲ್ಲದ ಪದಗಳು ಮಾತ್ರ ಕಾಲದ ಜೊತೆ ಬದಲಾಗುತ್ತಾ ಸಾಗಿದವು. ಬ್ರಿಟಿಷರ ಕಾಲದ ಪದದಲ್ಲಿ ಬ್ರಿಟಿಷನ ಹೆಸರಿದ್ದ ಜಾಗಕ್ಕೆ ಆಮೇಲೆ ಅಮೆರಿಕದವನು ಬಂದ. ಉಳಿದ ಅಕ್ಷರಗಳು ಹಾಗೇ ಇದ್ದವು. 2001ರ ನಂತರದ ಪದಗಳಲ್ಲಿ ಡ್ರೋನು ಬಂತು, ಫೋನು ಬಂತು, ಫೇಸ್‌ಬುಕ್ ಬಂತು. ಕದ್ದು ನೋಡುವ ಜಾಗ ಗೂದರ್‌ನಿಂದ ಪರದೆಗೆ ಬಂತು ಅಂದರೂ ತಪ್ಪಿಲ್ಲ. ಅಮೆರಿಕದವರ ಬಾಂಬಿಗೆ ಬಿದ್ದ ಶಾಪ ಇದೆ, ತಾಲಿಬಾನಿಗೆ ಬಿದ್ದ ಶಾಪವೂ ಇದೆ. ಹೊರಗಿನವರು ಇವರನ್ನು ಬಿಡಿಸಲು ಬಂದೆವು ಅಂದರು. ಇವರ ಪದಗಳನ್ನು ಕೇಳಿಸಿಕೊಂಡಿದ್ದರೆ, ಬಿಡುಗಡೆ ಬೇಕು ಅನ್ನುವವಳೇ ಮಗನ ಹೆಣದ ಮುಂದೆ ಕೂತು ಏನು ಹೇಳುತ್ತಾಳೆ ಅಂತಲೂ ಗೊತ್ತಾಗುತ್ತಿತ್ತು.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಕಾಬೂಲಿಗೆ ಬಂತು. ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆ ಇಲ್ಲವಾಯಿತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಮಹಿಳಾ ವ್ಯವಹಾರಗಳ ಸಚಿವಾಲಯ ಇದ್ದ ಕಟ್ಟಡಕ್ಕೆ ನೀತಿ ಕಾಯುವ ಸಚಿವಾಲಯ ಬಂದು ಕೂತಿತು. 2024ರ ಆಗಸ್ಟ್‌ನಲ್ಲಿ ಆ ಸಚಿವಾಲಯ ಜಾರಿ ಮಾಡಬೇಕಾದ 35 ಕಲಮುಗಳ ಕಾನೂನು ಹೊರಬಂತು. ಹೆಣ್ಣಿನ ದನಿಯೂ ಮರೆಮಾಡಬೇಕಾದ ವಸ್ತು, ಅವಳು ಹಾಡುವುದಾಗಲಿ ಗಟ್ಟಿಯಾಗಿ ಓದುವುದಾಗಲಿ ಹೊರಗೆ ಕೇಳಿಸಬಾರದು ಅಂತ ಅದರಲ್ಲಿ ಬರೆದಿದೆ. 2025ರಲ್ಲಿ ಕವಿಗೋಷ್ಠಿಗಳಿಗೇ ಒಂದು ಕಾನೂನು ಬಂತು. ಹುಡುಗ ಹುಡುಗಿಯರ ಪ್ರೀತಿಯನ್ನು ಹಾಡುವ ಕವಿತೆ ಓದುವಂತಿಲ್ಲ, ತಾಲಿಬಾನ್ ನಾಯಕನ ಆದೇಶವನ್ನು ಟೀಕಿಸುವಂತಿಲ್ಲ. ಕವಿತೆಗೆ ಹೆದರಿ ಕಲಮು ಬರೆಯುವ ಸರ್ಕಾರ ಅದು. ಎರಡು ಸಾಲಿಗೆ ಎಷ್ಟು ಬಲ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರೂ ಇದೇ ತಾಯಂದಿರ ಪದ ಕೇಳಿಯೇ ಬೆಳೆದವರು ತಾನೆ.

2024ರ ಕಾನೂನು ಬಂದ ಕೆಲವೇ ದಿನಗಳಲ್ಲಿ ಅಫ್ಘಾನ್ ಹೆಂಗಸರು, ದೇಶದೊಳಗಿನವರೂ ಹೊರಗಿನವರೂ, ತಾವು ಹಾಡುವ ವಿಡಿಯೋಗಳನ್ನು ಹಾಕತೊಡಗಿದರು. ಪಶ್ತೂನರು ಮಾತ್ರ ಅಲ್ಲ, ಎಲ್ಲ ಭಾಷೆಯವರು. ಒಳಗಿದ್ದ ಕೆಲವರು ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಹಾಡಿದ್ದರು. ಯಾರು ಅಂತ ಗುರುತು ಹಿಡಿಯಲು ಆಗುವುದಿಲ್ಲ, ದನಿ ಮಾತ್ರ ಇದೆ. ಲಂಡೈ ಕಟ್ಟಿದವರು ಕಂಡುಕೊಂಡಿದ್ದ ಉಪಾಯವೇ ಇದು, ಫೋನಿನ ಕಾಲಕ್ಕೆ ತಕ್ಕ ಹಾಗೆ.

ಈ ಪದಗಳನ್ನು ಓದುವುದಕ್ಕಿಂತ ಕೇಳುವುದು ಒಳ್ಳೆಯದು. ಲಕ್ಕಿ ಮರ್ವತ್ ಕಡೆಯ ಅಲೆಮಾರಿ ಗುಂಪಿನಲ್ಲಿ ಹುಟ್ಟಿದ ಝರ್ಸಂಗಾ ಅವರ ಟಪ್ಪಾಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಅವರು ರೇಡಿಯೋ ಪಾಕಿಸ್ತಾನದ ಪೇಶಾವರ ಕೇಂದ್ರದಿಂದ ಮನೆಮಾತಾದವರು. ಕಂದಹಾರಿನ ನಘ್ಮಾ ಹಾಡಿದ್ದೂ ಇವೆ. ಝರ್ಸಂಗಾರಿಂದ ಶುರು ಮಾಡಿ. ವಾದ್ಯ ಜಾಸ್ತಿ ಇಲ್ಲದ ಹಳೆಯ ಧ್ವನಿಮುದ್ರಣ ಸಿಕ್ಕರೆ ಅದನ್ನೇ ಕೇಳಿ. ಎತ್ತರದ ಗಂಟಲಲ್ಲಿ ಮೊದಲ ಚಿಕ್ಕ ಸಾಲು ಬಂದು ನಿಲ್ಲುತ್ತದೆ, ಆಮೇಲೆ ಎರಡನೆಯದು ಉದ್ದಕ್ಕೆ ಹರಿದು ಆ 'ನ'ದಲ್ಲೋ 'ಮ'ದಲ್ಲೋ ಇಳಿಯುತ್ತದೆ. ಭಾಷೆ ಬರದಿದ್ದರೂ ಅಷ್ಟು ಗೊತ್ತಾಗುತ್ತದೆ.